ಪಕ್ಕದ ಮನೆಯ ಅಡುಗೆಮನೆ ಕಿಟಕಿ

"ಸ್ವಂತ ಮನೆಗೆ ಒಂದು ರೂಮು ಸೇರಿಸೋಕೆ ಪಕ್ಕದ ಮನೆಯವರನ್ನ ಕೇಳಬೇಕಾ?" ಬೆಂಗಳೂರಿನಿಂದ ಅಣ್ಣ ಫೋನಿನಲ್ಲಿ ನಕ್ಕಿದ್ದ. ಅವತ್ತು ನಾನೂ ನಕ್ಕಿದ್ದೆ.

ನಾವಿರುವುದು ಇಂಗ್ಲೆಂಡಿನ ಒಂದು ಸೆಮಿ-ಡಿಟ್ಯಾಚ್ಡ್ ಮನೆಯಲ್ಲಿ, ಅಂದರೆ ಒಂದು ಬದಿ ಮಾತ್ರ ಇನ್ನೊಂದು ಮನೆಗೆ ಅಂಟಿಕೊಂಡಿರುವ ಮನೆ. ಅಮ್ಮ ಬಂದರೆ ಆರು ತಿಂಗಳು ಇರುತ್ತಾರೆ. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಳಗೆ ಅವರಿಗೊಂದು ರೂಮು, ಬಾತ್‌ರೂಮು, ಮೇಲೆ ಮಗಳಿಗೊಂದು ರೂಮು ಅಂತ ನಮ್ಮ ಆಸೆ. ಹಿತ್ತಲ ಕಡೆ ಒಂದೇ ಅಂತಸ್ತು, 3 ಮೀಟರ್ ಒಳಗೆ ಕಟ್ಟುವುದಾದರೆ ಸಾಮಾನ್ಯವಾಗಿ ಅರ್ಜಿ ಬೇಡ. ನಮಗೆ ಬೇಕಿದ್ದದ್ದು ಪಕ್ಕಕ್ಕೆ ಎರಡಂತಸ್ತು. ಹಾಗಾಗಿ ಪ್ಲಾನಿಂಗ್ ಪರ್ಮಿಷನ್, ಅಂದರೆ ಕಟ್ಟಲು ಕೌನ್ಸಿಲ್‌ನ (ನಮ್ಮ ನಗರಸಭೆ ಇದ್ದಂತೆ) ಒಪ್ಪಿಗೆ, ಬೇಕೇ ಬೇಕು.

2024ರಲ್ಲಿ ಅರ್ಜಿ ಹಾಕಿದೆವು. ಆಗ ಶುಲ್ಕ 258 ಪೌಂಡ್. 2025ರ ಏಪ್ರಿಲ್‌ನಲ್ಲಿ ಅದು 528ಕ್ಕೆ ಏರಿತು. (ನಕ್ಷೆ ಬರೆದವರು ತಗೊಂಡಿದ್ದರ ಮುಂದೆ ಇದು ಏನೂ ಅಲ್ಲ ಬಿಡಿ.) ಎಂಟು ವಾರದಲ್ಲಿ ತೀರ್ಮಾನ ಹೇಳಬೇಕು ಅನ್ನುವುದು ನಿಯಮ. ಏಳನೇ ವಾರ ಕೌನ್ಸಿಲ್‌ನಿಂದ ಒಂದು ಮೇಲ್ ಬಂತು, "ಇನ್ನೊಂದಿಷ್ಟು ಟೈಮ್ ಕೊಡಲು ಒಪ್ಪುತ್ತೀರಾ?" ಅಂತ. ಒಪ್ಪದೆ ಏನು ಮಾಡೋದು? ಬೇಡ ಅಂದರೆ ತಿರಸ್ಕರಿಸಿಬಿಟ್ಟರೆ? ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ತಡ ಅವರದು, ಒಪ್ಪಿಗೆಯ ಸಹಿ ಮಾತ್ರ ನಮ್ಮದು.

ಆದರೆ ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಬೇರೆ ಕಡೆ ಇತ್ತು. ಅರ್ಜಿ ಹಾಕಿದ ಮೇಲೆ ಅಕ್ಕಪಕ್ಕದವರಿಗೆ ಕೌನ್ಸಿಲ್ ಪತ್ರ ಬರೆಯುತ್ತದೆ. ಹೇಳುವುದಿದ್ದರೆ ಹೇಳಲು 21 ದಿನ. ನಕ್ಷೆಗಳನ್ನು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಬಾತ್‌ರೂಮು ಎಲ್ಲಿ ಬರುತ್ತದೆ ಅಂತ ಊರಿಗೆಲ್ಲ ಗೊತ್ತು! ಅಲ್ಲೇ ಒಂದು ದಿನ ಪಕ್ಕದ ಮನೆ ಅಜ್ಜಿಯ ತಕರಾರು ಕಾಣಿಸಿತು. ಬೇಲಿ ಹತ್ತಿರ ದಿನಾ ಮಾತಾಡಿಸುವವರು, ನನಗೊಂದು ಮಾತು ಹೇಳದೆ ಕೌನ್ಸಿಲ್‌ಗೆ ಬರೆದಿದ್ದರು. ನೋಟ ಹಾಳಾಗುತ್ತದೆ, ಮನೆ ಬೆಲೆ ಬೀಳುತ್ತದೆ ಅಂದರೆ ಇಲ್ಲಿ ಲೆಕ್ಕಕ್ಕಿಲ್ಲ. ಅಜ್ಜಿ ಬರೆದದ್ದು ಬೆಳಕಿನ ಬಗ್ಗೆ. ನಮ್ಮ ಗೋಡೆ ಎದ್ದರೆ ತನ್ನ ಅಡುಗೆಮನೆ ಕತ್ತಲಾಗುತ್ತದೆ ಅಂತ. ಅದನ್ನು ತೂಗಿ ನೋಡುತ್ತಾರೆ.

ಅಮ್ಮನಿಗೆ ಫೋನ್ ಮಾಡಿ ಅಜ್ಜಿಯನ್ನು ಚೆನ್ನಾಗಿ ಬೈದೆ. ಅಮ್ಮ ಸುಮ್ಮನೆ ಕೇಳಿಸಿಕೊಂಡು, "ಹೇಳದೆ ಇರ್ತಾರೇನೋ? ಹದಿನೈದು ವರ್ಷದಿಂದ ನಾನು ಮಟಮಟ ಮಧ್ಯಾಹ್ನ ಲೈಟ್ ಹಾಕ್ಕೊಂಡು ತರಕಾರಿ ಹೆಚ್ಚುತಿದೀನಿ" ಅಂದರು.

ಮರೆತೇಬಿಟ್ಟಿದ್ದೆ. ನಮ್ಮ ಬೆಂಗಳೂರಿನ ಮನೆ ಇರುವುದು 30-40 ಸೈಟಿನಲ್ಲಿ. ಪಕ್ಕದವರು ಪ್ಲಾನಿನಲ್ಲಿ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟಿದ್ದರಂತೆ. ಗೋಡೆ ಎದ್ದಾಗ ಅದು ಇರಲಿಲ್ಲ. ಅಮ್ಮನ ಅಡುಗೆಮನೆ ಕಿಟಕಿ ತೆರೆದರೆ ಕೈಗೆ ಇಟ್ಟಿಗೆ ಸಿಗುತ್ತಿತ್ತು. ಅಪ್ಪ ಕೇಳಲು ಹೋದಾಗ, "ಅಕ್ರಮ-ಸಕ್ರಮ ಬರುತ್ತಲ್ಲ ಸಾರ್, ದಂಡ ಕಟ್ಟಿಬಿಡ್ತೀವಿ" ಅಂದಿದ್ದರು. ದಂಡ ಕಟ್ಟಿಸಿಕೊಂಡು ಇಂಥ ಕಟ್ಟಡಗಳನ್ನು ಸಕ್ರಮ ಮಾಡುವ ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಗೋಡೆಗೆ ಯಾರೂ ತಡೆ ಕೊಡಲಿಲ್ಲ. ಅಮ್ಮನ ಮಾತು ಕೇಳಲು ಒಂದು ಪತ್ರ, 21 ದಿನ ಯಾರಾದರೂ ಕೊಟ್ಟಿದ್ದರೆ?

ಇತ್ತ ಕೌನ್ಸಿಲ್ ಆಫೀಸರ್ ಬಂದು ಫೋಟೋ ತೆಗೆದುಕೊಂಡು ಹೋದರು. ಮೇಲಂತಸ್ತನ್ನು ಬೇಲಿಯಿಂದ ಒಂದು ಮೀಟರ್ ಒಳಗೆ ಎಳೆದರೆ ಒಪ್ಪಬಹುದು ಅಂದರು. ಮಗಳ ರೂಮು ಸಣ್ಣದಾಯಿತು, ಎರಡು ದಿನ ಮುನಿಸಿಕೊಂಡಳು. ಪರ್ಮಿಷನ್ ಬಂತು. ಮೂರು ವರ್ಷದೊಳಗೆ ಕೆಲಸ ಶುರು ಮಾಡಬೇಕು.

ಅಡಿಪಾಯ ಅಜ್ಜಿಯ ಗೋಡೆಗೆ ಹತ್ತಿರ ಬರುವುದರಿಂದ ಪಾರ್ಟಿ ವಾಲ್ ನೋಟಿಸ್ ಬೇರೆ ಕೊಡಬೇಕಿತ್ತು, ಅಂದರೆ ಕೆಲಸದ ಬಗ್ಗೆ ಪಕ್ಕದವರಿಗೆ ತಿಳಿಸಿ ಒಪ್ಪಿಗೆ ಕೇಳುವ ಪತ್ರ. ಇದನ್ನು ಪೋಸ್ಟಿಗೆ ಹಾಕದೆ ನಾನೇ ಹೋಗಿ ಕೈಗೆ ಕೊಟ್ಟೆ. ಉತ್ತರಕ್ಕೆ 14 ದಿನ ಇದೆ, ನಿಧಾನವಾಗಿ ನೋಡಿ ಅಂದೆ. ಅಜ್ಜಿ ಕನ್ನಡಕ ಹುಡುಕಿ ತಂದು, ನಿಂತಲ್ಲೇ ಓದಿ, ಸಹಿ ಹಾಕಿದರು. "ಅಮ್ಮ ಯಾವಾಗ ಬರ್ತಾರೆ?" ಅಂತ ಕೇಳಿದರು.