ಬಿಳಿ ಪೊರೆ ಬಂದರೆ ಬೋಗಿ ಹಾಳಾಯಿತು ಅಂತಲ್ಲ

ಮಾದರಿ ರೈಲು ಬೋಗಿಗೆ ಹಳೆಯ ಕಳೆ ಕೊಡುವಾಗ ಮೈಮೇಲೆ ಬಿಳಿ ಪೊರೆ ಬಂದರೆ ಬಣ್ಣ ಕೆಟ್ಟಂತೆ, ಪೂರ್ತಿ ತೆಗೆದು ಮತ್ತೆ ಬಳಿಯಬೇಕು ಎಂಬ ಮಾತು ಹವ್ಯಾಸಿಗಳ ನಡುವೆ ಓಡಾಡುತ್ತಿದೆ. ಇದು ಸರಿಯಲ್ಲ.

ಆಗುವುದು ಇಷ್ಟೇ. ಬೋಗಿಗೆ ಮೊದಲೇ ಹೊಳಪಿಲ್ಲದ ಲ್ಯಾಕರ್ ವಾರ್ನಿಷ್ (ಬಣ್ಣ ಕಾಯುವ ಪಾರದರ್ಶಕ ಲೇಪ) ಹೊಡೆದಿರುತ್ತೀರಿ. ಅದರ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇಂಡಿಯನ್ ಇಂಕ್ (ಚಿತ್ರ ಬರೆಯುವ ಕಪ್ಪು ಶಾಯಿ) ಬೆರೆಸಿ ಬಳಿದಾಗ, ಆಲ್ಕೋಹಾಲ್ ಆ ವಾರ್ನಿಷನ್ನು ಕೆಣಕುತ್ತದೆ. ಒಣಗಿದ ಮೇಲೆ ಬಿಳಿಚಿಕೊಳ್ಳುತ್ತದೆ. ಕೆಟ್ಟಿರುವುದು ಮೇಲಿನ ಪದರ ಮಾತ್ರ, ಕೆಳಗಿನ ಬಣ್ಣ ಸಾಮಾನ್ಯವಾಗಿ ಹಾಗೇ ಇರುತ್ತದೆ. ಅದೇ ವಾರ್ನಿಷನ್ನು ಇನ್ನೊಮ್ಮೆ ತೆಳ್ಳಗೆ ಹೊಡೆಯಿರಿ, ಪೊರೆ ಬಹುಮಟ್ಟಿಗೆ ಮಾಯ. ಬಿಸಿಲಿಗೆ ಮಾಸಿದ ಸರಕು ಬೋಗಿ ಬೇಕೆಂದು ಆ ಬಿಳುಪನ್ನು ಬೇಕಂತಲೇ ಉಳಿಸಿಕೊಳ್ಳುವವರೂ ಇದ್ದಾರೆ. ನನಗೂ ಅದೇ ಇಷ್ಟ, ಸುಮ್ನೆ ಯಾಕೆ ಅಳಿಸಬೇಕು ಅಲ್ವಾ?

ಆದರೆ ವಾರ್ನಿಷ್ ಇಲ್ಲದ ಅಕ್ರಿಲಿಕ್ ಬಣ್ಣದ ಕಥೆ ಬೇರೆ. ಅದರ ಮೇಲೆ ಆಲ್ಕೋಹಾಲ್ ತಿಕ್ಕಿದರೆ ಬಣ್ಣವೇ ಎದ್ದು ಬರಬಹುದು. ಈ ಗಾಳಿಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ಇನ್ನೊಂದು. ಪಾಸ್ಟಲ್ (ಬಣ್ಣದ ಸೀಮೆಸುಣ್ಣದಂಥ ಕಡ್ಡಿ) ಪುಡಿಯಲ್ಲಿ ಮಾಡಿದ ತುಕ್ಕು, ಧೂಳು ವಾರ್ನಿಷ್ ಬಿದ್ದೊಡನೆ ಮಂಕಾಗುತ್ತವೆ. ಹಾಗಾಗಿ ಮೊದಲು ಪೊರೆ ಸರಿಮಾಡಿ, ಪುಡಿಯನ್ನು ಆಮೇಲೆ ಹಚ್ಚಿ.