ಮಿಂಚುಹುಳ ನೋಡಲು ಒಂದು ಲಕ್ಷ ಲ್ಯೂಮೆನ್

ಮೇ ತಿಂಗಳ ಕೊನೆ ಬಂತೆಂದರೆ ಮುಂಬೈನವರಿಗೆ ಎರಡು ವಸ್ತು ಬೇಕೇ ಬೇಕು. ಒಂದು ಮಿಂಚುಹುಳ. ಇನ್ನೊಂದು, ಆ ಮಿಂಚುಹುಳ ಕಾಣಿಸದ ಹಾಗೆ ಮಾಡುವ ಟಾರ್ಚ್.

ಸಹ್ಯಾದ್ರಿಯ ರಾಜಮಾಚಿ, ಭಂಡಾರದರಾ, ಪುರುಷವಾಡಿ. ಮಳೆ ಹಿಡಿಯುವ ಮುಂಚಿನ ಕೆಲವೇ ವಾರ ಈ ಕಡೆಯ ಮರಗಳು ರಾತ್ರಿ ಮಿನುಗುತ್ತವೆ. ಗಂಡುಹುಳ ಹಾರುತ್ತಾ ಮಿಂಚುತ್ತದೆ, ಹೆಣ್ಣು ಕೂತಲ್ಲೇ ಮಿಂಚಿ ಉತ್ತರ ಕೊಡುತ್ತದೆ. ಹೆಣ್ಣು ನೋಡುವ ಶಾಸ್ತ್ರ ಅನ್ನಿ. ಉಪ್ಪಿಟ್ಟು, ಕೇಸರಿಬಾತ್ ಒಂದಿಲ್ಲ ಅಷ್ಟೆ. ಅವುಗಳಿಗೆ ಬೇಕಾಗಿರುವುದು ಕತ್ತಲು ಮಾತ್ರ. ಅಲ್ಲಿಗೆ ನಾವು ಕರೆಯದೆ ಹೋಗುತ್ತೇವೆ. ಬಸ್ಸುಗಟ್ಟಲೆ ಹೋಗುತ್ತೇವೆ. ಹೋದವರು ನೇರವಾಗಿ ಮದುಮಕ್ಕಳ ಮುಖಕ್ಕೇ ಬೆಳಕು ಬಿಟ್ಟು, "ಎಲ್ರೀ, ಏನೂ ಕಾಣ್ತಾನೇ ಇಲ್ಲ!" ಅಂತ ಗೈಡ್ ಜೊತೆ ಜಗಳ ತೆಗೆಯುತ್ತೇವೆ.

ಇಂಥ ರಸಿಕರಿಗೆ ಸರಿಯಾದ ಟಾರ್ಚ್ ಆರಿಸಿಕೊಡುವುದು ಈ ಅಂಕಣದ ಕರ್ತವ್ಯ.

ಮೊದಲು ಮುಂಬೈನ ಕರೆಂಟು ಸಾಮಾನಿನ ಪೇಟೆ ಲೋಹಾರ್ ಚಾಳ್‌ಗೆ ಹೋಗಿ. ಬಿಸಿಲು ಅನ್ನಿಸಿದರೆ ಮೊಬೈಲ್ ತೆರೆಯಿರಿ. ಅಂಗೈಯಲ್ಲಿ ಹಿಡಿಸುವ ಟಾರ್ಚ್, ಡಬ್ಬಿಯ ಮೇಲೆ "1,00,000 ಲ್ಯೂಮೆನ್". ಲ್ಯೂಮೆನ್ ಅಂದರೆ ದೀಪ ಹೊರಗೆ ಬಿಡುವ ಒಟ್ಟು ಬೆಳಕಿನ ಅಳತೆ. ಈ ಸಂಖ್ಯೆಗೆ ಸ್ವಲ್ಪ ಗೌರವ ಕೊಡೋಣ. ಹಳೆಯ 60 ವಾಟ್ ಬಲ್ಬು ಇಡೀ ಕೋಣೆಗೆ ಕೊಡುತ್ತಿದ್ದದ್ದು ಸುಮಾರು 700, 800 ಲ್ಯೂಮೆನ್. ಕಾರಿನ ಮಾಮೂಲಿ ಎಚ್4 ಹ್ಯಾಲೊಜನ್ ಬಲ್ಬು ಹೈ ಬೀಮ್‌ನಲ್ಲಿ ಕೊಡುವುದು 1,650ರ ಆಸುಪಾಸು. ಅಂದರೆ ಮೂವತ್ತು ಕಾರುಗಳು ಸಾಲಾಗಿ ನಿಂತು ಹೈ ಬೀಮ್ ಹಾಕಿದಷ್ಟು ಬೆಳಕು ನಿಮ್ಮ ಪ್ಯಾಂಟಿನ ಜೇಬಲ್ಲಿ. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ ನೂರು, ನೂರೈವತ್ತು ಲ್ಯೂಮೆನ್ ಕೊಡುತ್ತದೆ ಅಂತ ಹಿಡಿದರೂ ಈ ಟಾರ್ಚ್ ಏಳುನೂರರಿಂದ ಸಾವಿರ ವಾಟ್ ನುಂಗಬೇಕು. ಇಸ್ತ್ರಿ ಪೆಟ್ಟಿಗೆ ನುಂಗುವುದೂ ಹೆಚ್ಚು ಕಡಿಮೆ ಅಷ್ಟೇ. ಕ್ಯಾಂಪಿನಲ್ಲಿ ಅಂಗಿ ಮುದುಡಿದರೆ ಚಿಂತೆಯಿಲ್ಲ.

ಒಳಗಿನ ಸೆಲ್ಲು ಇನ್ನೂ ದೊಡ್ಡ ಪವಾಡ. ಇದನ್ನು 18650 ಅನ್ನುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹೆಸರು ಮಾಡಿದ ಕಂಪನಿಗಳೆಲ್ಲ ಈ ಅಳತೆಯೊಳಗೆ 3,500 ಮಿಲಿಆಂಪ್ ಅವರ್‌ನ ಆಸುಪಾಸು ಚಾರ್ಜ್ ತುಂಬುವಷ್ಟರಲ್ಲಿ ಸುಸ್ತಾಗಿವೆ. ನಮ್ಮ ಡಬ್ಬಿಯ ಸೆಲ್ಲಿನ ಮೇಲೆ 9,900 ಅಂತಿದೆ. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಕೊಟ್ಟರು. ಈ ಸ್ಟಿಕರ್ ಪ್ರಿಂಟ್ ಹೊಡೆದವನ ಹೆಸರು ಯಾರಿಗೂ ನೆನಪಾಗಲಿಲ್ಲ, ನೋಡಿ. 3,500ರ ಅಸಲಿ ಸೆಲ್ಲೇ ಹಾಕಿದ್ದಾರೆ, ಅದರಿಂದ ಸಾವಿರ ವಾಟ್ ಎಳೆಯಲೂ ಬರುತ್ತದೆ ಅಂತ ಸುಮ್ನೆ ಒಪ್ಪಿಕೊಂಡರೂ, ಮುಕ್ಕಾಲು ನಿಮಿಷಕ್ಕೆ ಆಟ ಮುಗಿಯಿತು.

ಇನ್ನು ಲೆವೆಲ್‌ಗಳು, ಅಂದರೆ ಬೆಳಕಿನ ಮೆಟ್ಟಿಲುಗಳು. ಎಲ್ಲಕ್ಕಿಂತ ಮೇಲಿನದಕ್ಕೆ ಟರ್ಬೊ ಅಂತ ಹೆಸರು. ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಧಾರವಾಡ ಕಡೆಯವರು. ಅವರ ಅಣ್ಣನ ಮಗ ಹೊಸ ಟಾರ್ಚ್ ತಂದು ತೋರಿಸಿದ.

"ಕಾಕಾ, ಇದ್ರಾಗ ಐದು ಲೆವೆಲ್ ಅದಾವ."

"ಹೌದಾ? ನೀ ಯಾವುದು ಹಚ್ಚಾಂವ?"

"ಟರ್ಬೊ."

"ಮತ್ತ ಉಳಿದ ನಾಲ್ಕು?"

"ಅವು ಟರ್ಬೊಕ್ಕ ಹೋಗೂ ದಾರಿಯೊಳಗ ಬರ್ತಾವ ಕಾಕಾ."

ಹುಡುಗ ಸುಳ್ಳು ಹೇಳಲಿಲ್ಲ. ಕೊಂಡಿವಡೆ ಕಡೆಯಿಂದ ರಾಜಮಾಚಿ ಹತ್ತುವ ರಾತ್ರಿ ನೋಡಿದರೆ ಇಡೀ ಸಾಲಿನದು ಇದೇ ಕಥೆ. ಕಾಲುದಾರಿಯಲ್ಲಿ ಹೆಜ್ಜೆ ನೋಡಿ ಇಡಲು 20, 30 ಲ್ಯೂಮೆನ್ ಧಾರಾಳ. ದಾರಿ ತಪ್ಪಿತೋ ಅಂತ ಸುತ್ತ ನೋಡಲು 150, 200 ಇದ್ದರೆ ಆಯಿತು. ಅದಕ್ಕಿಂತ ಜಾಸ್ತಿ ಬೇಕಾಗುವುದು ಎದುರಿನ ಕಣಿವೆಯಲ್ಲಿ ಯಾರನ್ನಾದರೂ ಹುಡುಕುವಾಗ, ಅದೂ ಅರೆಗಳಿಗೆ. ಆದರೆ ಟರ್ಬೊಗೆ ದುಡ್ಡು ಕೊಟ್ಟಿರುತ್ತೇವಲ್ಲ! ಹಚ್ಚಿದ ಒಂದೆರಡು ನಿಮಿಷಕ್ಕೆ ಟಾರ್ಚ್ ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ಬೆಳಕು ತಗ್ಗಿಸುತ್ತದೆ. ಯಜಮಾನ ಅದನ್ನು ಅಪಮಾನ ಅಂತ ತಿಳಿದು ಮತ್ತೆ ಟರ್ಬೊ ಒತ್ತುತ್ತಾನೆ. ಹೀಗೆ ಇಬ್ಬರೂ ರಾಜಮಾಚಿಯ ಮೇಲಿನ ಹಳ್ಳಿ ಉಧೇವಾಡಿ ಮುಟ್ಟುವವರೆಗೆ ಜಟಾಪಟಿ.

ಈ ಗೊಂದಲಕ್ಕೆ ಅಮೆರಿಕದವರು 2009ರಲ್ಲೇ ಎಫ್‌ಎಲ್ 1 ಎಂಬ ಅಳತೆಯ ನಿಯಮ ಮಾಡಿದ್ದಾರೆ. ಅದರ ಗುರುತಿದ್ದರೆ ಡಬ್ಬಿಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಹುದು. ಆದರೆ ಓದಲು ಬರಬೇಕು. "ಟರ್ಬೊ: 3 ಗಂಟೆ" ಅಂದರೆ ಮೂರು ಗಂಟೆ ಟರ್ಬೊ ಅಲ್ಲ. ಹಚ್ಚಿ ಮೂವತ್ತು ಸೆಕೆಂಡಿಗೆ ಇದ್ದ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯ ಅದು. ಒಂದೆರಡು ನಿಮಿಷ ಹುಲಿ, ಉಳಿದಷ್ಟೂ ಹೊತ್ತು ಬೆಕ್ಕಾಗಿದ್ದರೂ ನಿಯಮಕ್ಕೆ ಸಮ್ಮತ. "300 ಮೀಟರ್ ದೂರ" ಅನ್ನುವುದೂ ಅಷ್ಟೆ. ಮುನ್ನೂರು ಮೀಟರ್ ಆಚೆ ಬೀಳುವ ಬೆಳಕು ಕಾಲು ಲಕ್ಸ್, ಅಂದರೆ ಹುಣ್ಣಿಮೆ ಬೆಳದಿಂಗಳಷ್ಟು. ಹುಣ್ಣಿಮೆ ನೋಡಿಕೊಂಡು ಹೋದರೆ ಇದೇ ಬೆಳಕು ಪುಕ್ಕಟೆ, ಅದೂ ಎಲ್ಲಾ ದಿಕ್ಕಿಗೂ. ಆದರೆ ಅದಕ್ಕೆ ಸ್ವಿಚ್ ಇಲ್ಲ. ಸ್ವಿಚ್ ಇಲ್ಲದ್ದನ್ನು ಸ್ನೇಹಿತರಿಗೆ ತೋರಿಸುವುದು ಹೇಗೆ?

ಎಲ್ಲಕ್ಕಿಂತ ಕೆಳಗಿನ ಲೆವೆಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಒಂದು ಲ್ಯೂಮೆನ್‌ಗೂ ಕಡಿಮೆ. ಟೆಂಟಿನೊಳಗೆ ನೀರಿನ ಬಾಟಲಿ ಹುಡುಕಲು, ಪಕ್ಕದಲ್ಲಿ ಮಲಗಿದವರಿಂದ ಬೈಸಿಕೊಳ್ಳದೆ ಚಪ್ಪಲಿ ಮೆಟ್ಟಲು ಅಷ್ಟು ಸಾಕು. ಕೆಲವು ಕಂಪನಿಗಳು ಇದಕ್ಕೆ "ಫೈರ್‌ಫ್ಲೈ" ಅಂತಲೇ ಹೆಸರಿಟ್ಟಿವೆ. ಇಡೀ ರಾಜಮಾಚಿಯಲ್ಲಿ ಆ ರಾತ್ರಿ ಯಾರೂ ನೋಡದ ಮಿಂಚುಹುಳ ಇದೊಂದೇ ಇರಬೇಕು.

ಸ್ಟ್ರೋಬ್, ಅಂದರೆ ಪಟಪಟ ಮಿಟುಕುವ ಬೆಳಕು, ಬೇರೆಯದೇ ಗ್ರಹಚಾರ. ಅಗ್ಗದ ಟಾರ್ಚುಗಳಲ್ಲಿ ಹೈನಿಂದ ಲೋಗೆ ಬರಬೇಕಾದರೆ ಸ್ಟ್ರೋಬ್, ಆಪತ್ತಿನ ಸಂಕೇತವಾದ ಎಸ್‌ಒಎಸ್ ಎರಡನ್ನೂ ದಾಟಿ ಬರಬೇಕು. ಊರ ಹೊರಗೆ ಕಡು ಕತ್ತಲಲ್ಲಿ ಒಬ್ಬ ಮೂರು ಸಲ ಚಿಕ್ಕದಾಗಿ, ಮೂರು ಸಲ ಉದ್ದಕ್ಕೆ, ಮತ್ತೆ ಮೂರು ಸಲ ಚಿಕ್ಕದಾಗಿ ಮಿಟುಕಿಸುತ್ತಿರುತ್ತಾನೆ. ಆಪತ್ತೇನೂ ಇಲ್ಲ, ಆರಿಸಲು ಬರುತ್ತಿಲ್ಲ ಅಷ್ಟೆ. ಪಾಪ, ಯಾವುದಾದರೂ ಹುಳ ತನ್ನನ್ನೇ ಕರೆದರು ಅಂತ ಬಂದರೂ ಬಂದೀತು. ಆದ್ದರಿಂದ ಮೊದಲು ಲೋನಲ್ಲೇ ಹತ್ತುವ, ಸ್ಟ್ರೋಬನ್ನು ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟಿರುವ ಟಾರ್ಚ್ ಸಿಕ್ಕರೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ. ಇದು ವ್ಯಂಗ್ಯವಲ್ಲ.

ಹೆಡ್‌ಟಾರ್ಚ್? ಅದೂ ಒಳ್ಳೆಯದೇ, ಏರು ಹತ್ತುವಾಗ ಎರಡೂ ಕೈ ಖಾಲಿ. ತೊಂದರೆ ಏನೆಂದರೆ, ಕಟ್ಟಿಕೊಂಡವರಿಗೆ ಮಾತಾಡುವ ಚಟ ಇರುತ್ತದೆ. "ಚಹಾ ಆಯ್ತಾ?" ಅಂತ ಕೇಳಲು ಮುಖ ತಿರುಗಿಸಿದರೆ ಎದುರಿನವನಿಗೆ ಮುಂದಿನ ಹದಿನೈದು ನಿಮಿಷ ಚಹಾವೂ ಕಾಣದು, ಲೋಟವೂ ಕಾಣದು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಕೆಡಿಸಲು ಒಬ್ಬ ಸಾಕು. ಕೆಂಪು ಬೆಳಕಿನಿಂದ ಈ ಹಾನಿ ಬಹಳ ಕಡಿಮೆ. ಸ್ಟೇಷನರಿ ಅಂಗಡಿಯ ಕೆಂಪು ಜಿಲೆಟಿನ್ ಕಾಗದವನ್ನು ಗಾಜಿಗೆ ಸುತ್ತಿದರೂ ನಡೆಯುತ್ತದೆ. ಆದರೆ ಒಂದು ಲಕ್ಷ ಲ್ಯೂಮೆನ್ ಕೊಂಡವನಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ?

ನೀರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಡಬ್ಬಿಯ ಮೇಲೆ ನೀರು ತಡೆಯುವ ದರ್ಜೆ ಐಪಿಎಕ್ಸ್ 4 ಇದ್ದರೆ ಮಳೆಹನಿ ತಡೆಯುತ್ತದೆ, 7 ಇದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಮುಳುಗಿ ಮಿಂಚುಹುಳ ನೋಡುವ ಪ್ಯಾಕೇಜ್ ಇನ್ನೂ ಬಂದಿಲ್ಲ.

ಕಾಕಾ ಈ ವರ್ಷ ಬೇರೆಯೇ ಉಪಾಯ ಹೇಳಿದ್ದಾರೆ. ಸೊಸೈಟಿ ಕಾಂಪೌಂಡಿನ ಮಾವಿನ ಮರಕ್ಕೆ ಗಣಪತಿ ಹಬ್ಬದ ಸೀರಿಯಲ್ ಸೆಟ್ ಸುತ್ತುವುದು. ಪಿಠ್ಲಾ ಭಾಕರಿ ಹೊರಗಿನಿಂದ ತರಿಸುವುದು. ಎಲ್ಲರೂ ಸುತ್ತ ನಿಂತು ಮನಸಾರೆ ಟರ್ಬೊ ಬಿಡುವುದು. ಹುಳಗಳಿಗೂ ನೆಮ್ಮದಿ, ಫೋಟೊಗೂ ಮೋಸವಿಲ್ಲ. ಅಣ್ಣನ ಮಗ ಅನುಮಾನದಿಂದ ಕೇಳಿದ: "ಆ ಸೀರಿಯಲ್ ಸೆಟ್‌ಗೆ ಎಷ್ಟು ಮೋಡ್ ಅದಾವ ಕಾಕಾ?"

"ಎಂಟು."

ಹುಡುಗ ಅಲ್ಲೇ ರಾಜಮಾಚಿ ಬುಕಿಂಗ್ ಕ್ಯಾನ್ಸಲ್ ಮಾಡಿದ.