ಅರ್ಧ ಎಚ್‌ಪಿ ಸಮಾಜಸೇವೆ

ಹುಬ್ಬಳ್ಳಿ-ಧಾರವಾಡದ ಹಳೇ ಓಣಿಗಳಲ್ಲಿ ಮನೆಯ ಕಾರ್ಯಕ್ಕೆ ಮುಹೂರ್ತ ಹಿಡಿಯುವ ಮುನ್ನ ಓಣಿಗೆ ನೀರು ಬಿಡುವ ವಾಲ್‌ಮನ್‌ನನ್ನು ಕೇಳುತ್ತಾರೆ, ಅಯ್ಯನವರನ್ನು ಆಮೇಲೆ. ನಳದ ಪಾಳಿ ಯಾವತ್ತು ಎಂಬುದು ಗೊತ್ತಾದರೆ ಗುರುಬಲ ತಾನಾಗಿ ಕೂಡಿ ಬರುತ್ತದೆ. ಮಲಪ್ರಭೆಯ ನೀರು ಸವದತ್ತಿ ಬಳಿಯ ನವಿಲುತೀರ್ಥದಿಂದ ಹೊರಟು, ಅಮ್ಮಿನಬಾವಿಯಲ್ಲಿ ಶುದ್ಧಗೊಂಡು, ಗುಡ್ಡ ಹತ್ತಿ ಇಳಿದು, ಊರ ಟಾಕಿ ಸೇರಿ ಓಣಿಗೆ ಬರುತ್ತದೆ. ಇಷ್ಟು ದೂರದ ಜವಾಬ್ದಾರಿ ಸಮಾಜದ್ದು. ಕಡೆಯ ಇಪ್ಪತ್ತು ಅಡಿ ಮಾತ್ರ ವ್ಯಕ್ತಿಯ ಸ್ವಂತ ಪ್ರತಿಭೆ.

ಆ ಪ್ರತಿಭೆಯ ಹೆಸರು ನಳಕ್ಕೇ ಹಚ್ಚಿ ನೀರು ಎಳೆಯುವ ಮೋಟರು. ಅರ್ಧ ಎಚ್‌ಪಿ, ಸೆಲ್ಫ್ ಪ್ರೈಮಿಂಗ್, ಅಂದರೆ ಪೈಪಿನ ಗಾಳಿಯನ್ನು ತಾನೇ ಹೊರಹಾಕಿ ನೀರು ಎಳೆದುಕೊಳ್ಳುವಂಥದ್ದು.

ಕೂಡಿಸುವುದಕ್ಕೂ ಒಂದು ಶಾಸ್ತ್ರವಿದೆ. ಗೇಟಿನ ಪಕ್ಕ ಒಂದೂವರೆ ಅಡಿ ಗುಂಡಿ ತೋಡಿ ಮೋಟರು ಇಳಿಸಬೇಕು. ಮೇಲೆ ಫರಸಿ ಕಲ್ಲು, ಫರಸಿಯ ಮೇಲೆ ತುಳಸಿ ಕುಂಡ. ಬಿಲ್ಲಿನವರು ಬಂದರೆ ಕಾಣುವುದು ಭಕ್ತಿ ಒಂದೇ. ತುಳಸಿಗೆ ವೈರು ಯಾಕೆ ಅಂತ ಕೇಳುವಷ್ಟು ನಾಸ್ತಿಕರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹೀರುವ ಬದಿಗೆ ಗಿಡಕ್ಕೆ ನೀರು ಹಾಕುವ ಮೆತ್ತನೆಯ ಪೈಪು ನಡೆಯುವುದಿಲ್ಲ. ಮೋಟರು ಎಳೆದ ಕೂಡಲೇ ಅದರ ಎರಡು ಗೋಡೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಳಗೆ ಸುರುಳಿ ಇರುವ ಗಟ್ಟಿ ಸಕ್ಷನ್ ಪೈಪೇ ಬೇಕು. ಜಾಯಿಂಟಿಗೆ ಟೆಫ್ಲಾನ್ ಟೇಪು ಜಿಪುಣತನ ಮಾಡದೆ ಸುತ್ತಬೇಕು. ಸೂಜಿ ತೂತಿನಷ್ಟು ಸಂದಿ ಉಳಿದರೂ ಮೋಟರು ನೀರು ಬಿಟ್ಟು ಗಾಳಿ ಎಳೆದು ಊಳಿಡುತ್ತದೆ, ಮುಚ್ಚಿಟ್ಟ ಭಕ್ತಿ ಓಣಿಗೆಲ್ಲ ಕೇಳುತ್ತದೆ. ಮೊದಲ ಸಲ ಒಂದು ಚಂಬು ನೀರು ಹಾಕಿ ಚಾಲೂ ಮಾಡಬೇಕು. ಒಣ ಓಡಿಸಿದರೆ ಸೀಲು ಸುಡುತ್ತದೆ, ಆಮೇಲೆ ಒಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್. ಪಾಳಿಯ ಮರುದಿನ ವೈಂಡಿಂಗ್ ಅಂಗಡಿಯವನ ಮುಖದ ಕಳೆ ನೋಡಬೇಕು.

ಇನ್ನು ಲೆಕ್ಕ. ಓಣಿಗೆ ಮೂರಿಂಚಿನ ಪೈಪು, ನಲವತ್ತು ಮನೆ, ಎರಡು ತಾಸು ನೀರು ಅಂತ ಹಿಡಿಯಿರಿ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿದರೆ ನಿಮಿಷಕ್ಕೆ ಸುಮಾರು 300 ಲೀಟರ್. ಎರಡು ತಾಸಿಗೆ 36,000. ನಲವತ್ತು ಮನೆಗೆ ಹಂಚಿದರೆ ತಲಾ 900 ಲೀಟರ್, ಅಂದರೆ ಹದಿನೈದು ಲೀಟರಿನ 60 ಕೊಡ. ಸಾವಿರ ಲೀಟರಿನ ಸಿಂಟೆಕ್ಸ್ ಹೆಚ್ಚೂಕಡಿಮೆ ತುಂಬಿತು. ಯಾರೂ ಜಗಳಾಡಬೇಕಿಲ್ಲ. ಆದರೆ ಜಗಳವಿಲ್ಲದೆ ಬಂದ ನೀರಿಗೆ ರುಚಿ ಎಲ್ಲಿಂದ ಬರಬೇಕು?

ಹಾಗಾಗಿ ಮೊದಲ ಮನೆಯವರು ಮೋಟರು ಹಚ್ಚಿದರು, ನಿಮಿಷಕ್ಕೆ 30 ಲೀಟರ್. ನೋಡಿ ಎರಡನೆಯವರು, ಅವರನ್ನು ನೋಡಿ ಮೂರನೆಯವರು. ಹತ್ತನೆಯ ಮನೆ ದಾಟುವಷ್ಟರಲ್ಲಿ ಪೈಪು ಖಾಲಿ. ಹತ್ತು ಮನೆಗೆ ತಲಾ 3,600 ಲೀಟರ್, ಮೂವತ್ತು ಮನೆಗೆ ಗೊರಗೊರ ಸದ್ದು. ಆ ಮೂವತ್ತು ಮಂದಿ ಸುಮ್ಮನಿರುತ್ತಾರೆಯೇ? ಅವರೂ ಮೋಟರು ತಂದರು. ಮೊದಲಿನವರು ಒಂದು ಎಚ್‌ಪಿಗೆ ಏರಿದರು. ಈಗ ನಲವತ್ತೂ ಮೋಟರು ಒಮ್ಮೆಲೇ ಗುಂಯ್‌ಗುಡುತ್ತವೆ. ನೀರು? ಅದೇ 36,000. ಖಾಲಿ ಪೈಪಿನಿಂದ ಹತ್ತು ಎಚ್‌ಪಿಯೂ ನೀರು ಹೀರಲಾರದು. ಹೆಚ್ಚಾಗಿದ್ದು ಕರೆಂಟ್ ಬಿಲ್ಲು ಮಾತ್ರ. ನೀರಿನ ಬಿಲ್ಲೂ ಹಿಂದೆ ಬಿದ್ದಿಲ್ಲ: ಪಾಳಿಯ ದಿನ ನೀರಿಗಿಂತ ಮುಂಚೆ ಪೈಪಿನಲ್ಲಿದ್ದ ಗಾಳಿ ಬರುತ್ತದೆ, ಮೀಟರಿನ ಮುಳ್ಳು ಗಾಳಿಗೂ ತಿರುಗುತ್ತದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅಂತ ಹಿರಿಯರು ಕೇಳಿದ್ದರು. ಈಗ ಬರುವುದಿಲ್ಲ. ಸ್ವಿಚ್ ಅಡಿಗೆ ಮನೆಯಲ್ಲೇ ಇದೆ.

ಓಣಿಯ ಸಂಘದ ಸಭೆಯಲ್ಲಿ ವಿಷಯ ಬರದೆ ಇಲ್ಲ. ನಳಕ್ಕೆ ನೇರ ಮೋಟರು ಹಚ್ಚುವುದು ನಿಷಿದ್ಧ ಅಂತ ಎಲ್ಲರಿಗೂ ಗೊತ್ತು. ನೀರು ತಾನಾಗಿ ಹರಿದು ನೆಲದೊಳಗಿನ ಹೌದಿಗೆ, ಅಂದರೆ ತೊಟ್ಟಿಗೆ ಬೀಳಬೇಕು, ಮೋಟರಿನ ಕೆಲಸ ಹೌದಿನಿಂದ ಮಾಳಿಗೆಯ ಟಾಕಿಗೆ ಏರಿಸುವುದಷ್ಟೇ. ಮೋಟರು ತೆಗೆಯಬೇಕೆಂಬ ಠರಾವು ಅವಿರೋಧವಾಗಿ ಪಾಸಾಗುತ್ತದೆ, ಚಹಾ-ಚುರುಮುರಿ ಆಗುತ್ತದೆ.

"ಅಣ್ಣಾರ, ಮೊದ್ಲ ನೀವು ತಗೀರಿ, ಹಿಂದಿಂದ ನಾವು ತಗೀತೀವಿ."

"ಛೇ ಛೇ, ಹಿರಿಯಾರು ನೀವು. ನಿಮ್ಮಿಂದನ ಶುರುವಾಗ್ಲಿ."

ಈ ಊರಿನಲ್ಲಿ ಹಿರಿಯರಿಗೆ ಇಷ್ಟು ಮರ್ಯಾದೆ ಸಿಗುವುದು ಇದೊಂದು ಪ್ರಸಂಗದಲ್ಲಿ. ಎಲ್ಲರೂ ಹೌದು ಹೌದು ಎನ್ನುತ್ತಾರೆ. ಖರೇ ಹೌದು ಮಾತ್ರ ಯಾರ ಮನೆಯಲ್ಲೂ ಬಳಕೆಯಲ್ಲಿಲ್ಲ. ಮುಂದಿನ ವಾರ ಖಾಲಿ ಕೊಡ ಹಿಡಿದು ಪಾಲಿಕೆಗೆ ಮೋರ್ಚಾ. ಕೊಡ ಹೊಸವು, ಫೋಟೊಕ್ಕೆಂದೇ ತಂದವು. ಮೋಟರು ಬಂದ ಮೇಲೆ ಮನೆಯಲ್ಲಿ ಕೊಡವೇ ಉಳಿದಿಲ್ಲ.

ಮೋಟರಿನಿಂದ ಸಮಾಜಕ್ಕೆ ಏನೂ ಸಿಗುವುದಿಲ್ಲ ಅನ್ನುವಂತಿಲ್ಲ. ನಲವತ್ತು ಮೋಟರು ಒಟ್ಟಿಗೆ ಎಳೆದಾಗ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ತುಂಬಿ ಹರಿಯುವ ಪೈಪಿನ ಸೀಳಿನಿಂದ ನೀರು ಹೊರಗೆ ಸೋರುತ್ತದೆ, ಎಳೆಸಿಕೊಂಡ ಪೈಪಿನ ಸೀಳು ಹೊರಗಿನದನ್ನು ಒಳಗೆ ಕುಡಿಯುತ್ತದೆ. ಹಳೇ ಓಣಿಯಲ್ಲಿ ನಳದ ಪೈಪು ಹೋಗುವುದು ಗಟಾರದ ಪಕ್ಕ, ಕೆಲವೆಡೆ ಗಟಾರದೊಳಗೇ. ನಳದ ಬಾಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಗಟಾರದ ನೀರು ಕೂಡಿದರೆ ಅದು ದಾರಿಯಲ್ಲೇ ತೀರಿಹೋಗುತ್ತದೆ. ಆಮೇಲೆ ವಾಂತಿ-ಭೇದಿ, ಕಾಮಾಲೆ. ಅರ್ಧ ಎಚ್‌ಪಿ, ಒಂದು ಎಚ್‌ಪಿ ಎಂಬ ಭೇದವಿಲ್ಲದೆ, ಮೋಟರಿಲ್ಲದ ಬಾಡಿಗೆ ಮನೆಯನ್ನೂ ಬಿಡದೆ. ನೀರಿನಲ್ಲಿ ಆಗದ ಸಮಪಾಲು ಇಲ್ಲಿ ಆಗುತ್ತದೆ.

ಇದೇ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸೂ ನೀರು ಕೊಡುವ ಯೋಜನೆ ನಡೆದಿದೆ. ಪೈಪು ಸದಾ ತುಂಬಿರುವುದರಿಂದ ಗಟಾರ ಒಳಗೆ ಬರುವುದಿಲ್ಲ, ಎಷ್ಟು ಬಳಸಿದೆವೋ ಅಷ್ಟಕ್ಕೆ ಬಿಲ್ಲು. ಅಲ್ಲಿ ಮೋಟರು ಹಚ್ಚಿದರೆ ಹೆಚ್ಚಿಗೆ ಬರುವುದು ಬಿಲ್ಲೇ. ಪಕ್ಕದ ಮನೆಯವರಿಗಿಂತ ಮೊದಲು ನೀರು ತುಂಬಿಕೊಂಡ ಸುಖ ಅವರ ಪಾಲಿಗೆ ತಪ್ಪಿಹೋಯಿತು, ಪಾಪ.

ಯುಗಾದಿ ಸಮೀಪಿಸಿತೆಂದರೆ ಮೊದಲ ಮನೆಯವರಿಗೆ ಕಾಯಕ-ದಾಸೋಹ ನೆನಪಾಗುತ್ತದೆ. ಓಣಿಯ ಬಾಯಿಗೆ ಅರವಟ್ಟಿಗೆ ಏಳುತ್ತದೆ. ಎರಡು ಮಣ್ಣಿನ ಹರವಿ, ಸುತ್ತ ಹಸಿ ಗೋಣಿತಟ್ಟು, ಮೇಲೆ ತೆಂಗಿನ ಗರಿಯ ಚಪ್ಪರ. ಹರವಿಗಿಂತ ನಾಲ್ಕು ಪಟ್ಟು ಅಗಲದ ಫ್ಲೆಕ್ಸು, ಅದರಲ್ಲಿ ತೀರಿಕೊಂಡ ತಂದೆಯವರ ಫೋಟೊ, ಕೆಳಗೆ ಬದುಕಿರುವ ಹನ್ನೆರಡು ಮುಖ. ಹರವಿಗೆ ಇಪ್ಪತ್ತರಂತೆ 40 ಲೀಟರ್ ದಾನ. ಪಾಲಿಗಿಂತ ಹೆಚ್ಚಿಗೆ ಎಳೆದದ್ದು 2,700. ಉಳಿದ 2,660 ಲೀಟರಿನಲ್ಲಿ ಒಂದಿಷ್ಟು ಕಾರು ತೊಳೆಯಲು, ಒಂದಿಷ್ಟು ಅಂಗಳಕ್ಕೆ. ಬಾಕಿಯದು ಟಾಕಿ ತುಂಬಿ, ಸ್ವಿಚ್ ಬಂದ್ ಮಾಡಲು ಮರೆತು, ಅದೇ ಗಟಾರಕ್ಕೆ.

ಉದ್ಘಾಟನೆಗೆ ಮೂವತ್ತೊಂದನೆಯ ಮನೆಯ ಅಜ್ಜಿಯನ್ನೇ ಕರೆಯುತ್ತಾರೆ. ಒಂದು ಗ್ಲಾಸು ಕುಡಿಸಿ ಫೋಟೊ ತೆಗೆಸುತ್ತಾರೆ. ಗ್ಲಾಸು ಸ್ಟೀಲಿನದು. ಮಂದಿ ಹೊತ್ತೊಯ್ಯುತ್ತಾರೆ, ಕಾಲ ಕೆಟ್ಟಿದೆ ಅಂತ ಅದಕ್ಕೆ ಎರಡು ಗೇಣಿನ ಸರಪಳಿ ಬಿಗಿದು ಕಂಬಕ್ಕೆ ಕಟ್ಟಿದ್ದಾರೆ.